ಚೂರಿಗಿಂತ ಮೊದಲು ಒಲೆಯ ಜಾಗ: ವಸಂತಾರಂಭದ ಕಾಡುನಡಿಗೆಗೆ ಏನು ಒಯ್ಯಬೇಕು?

ಮಾರ್ಚ್ ಕೊನೆಯ ಶನಿವಾರಗಳಲ್ಲಿ ಹೆಲ್ಸಿಂಕಿ ಮತ್ತು ಸ್ಟಾಕ್‌ಹೋಮ್ ಸುತ್ತಲಿನ ಕಾಡುಗಳಲ್ಲಿ ಎರಡು ಬಗೆಯ ಪೇಚಾಟ ಕಾಣಸಿಗುತ್ತದೆ. ಒಬ್ಬರು ದುಬಾರಿ ಮಡಚುವ ಗರಗಸ ತಂದಿರುತ್ತಾರೆ. ಅಲ್ಲಿ ನೋಡಿದರೆ ಸೌದೆಯೆಲ್ಲ ಆಗಲೇ ಅಳತೆಗೆ ಕೊಯ್ದು ಒಟ್ಟಿರುತ್ತದೆ. ಬೇಕಿದ್ದದ್ದು ಸೀಳುವ ಸಾಮಾನು. ಇನ್ನೊಬ್ಬರು ಕೊಡಲಿ ಹೊತ್ತು ಬಂದಿರುತ್ತಾರೆ. ಅಲ್ಲಿ ಕೈಹಾಕಬಹುದಾದದ್ದು ನೆಲಕ್ಕೆ ಬಿದ್ದ ಕಡ್ಡಿ, ರೆಂಬೆ ಮಾತ್ರ. ಕೊಡಲಿ ಸಂಜೆಯವರೆಗೂ ಚೀಲದಿಂದ ಹೊರಗೆ ಬರುವುದಿಲ್ಲ.

ಬುಶ್‌ಕ್ರಾಫ್ಟ್, ಅಂದರೆ ಕಾಡಿನಲ್ಲಿ ಸಿಕ್ಕಿದ್ದರಲ್ಲೇ ದಿನ ಕಳೆಯುವ ಕಲೆ; ಅದರ ಸಾಮಾನಿನ ಮಾತು ಎಲ್ಲೆಡೆ ಚೂರಿಯಿಂದ ಶುರುವಾಗುತ್ತದೆ. ಒಂದು ದಿನದ ನಡಿಗೆಗೆ ಅದು ತಲೆಕೆಳಗಾದ ಕ್ರಮ. ಬೆಂಕಿ ಎಲ್ಲಿ ಹಾಕುತ್ತೀರಿ, ಅಲ್ಲಿ ಸೌದೆ ಯಾವ ರೂಪದಲ್ಲಿ ಸಿಗುತ್ತದೆ, ಆ ದಿನ ಬೆಂಕಿ ಹಾಕಲು ಬಿಡುತ್ತಾರೋ ಇಲ್ಲವೋ ಎಂಬ ಮೂರು ಸಂಗತಿ ಗೊತ್ತಾದರೆ ಚೀಲಕ್ಕೆ ಏನು ಹಾಕಬೇಕೆಂಬುದು ಮುಕ್ಕಾಲು ಪಾಲು ತಾನಾಗಿ ತೀರ್ಮಾನವಾಗುತ್ತದೆ.

ಇಲ್ಲಿ ಹೇಳುವುದೆಲ್ಲ ದಕ್ಷಿಣ ಫಿನ್‌ಲ್ಯಾಂಡ್ ಮತ್ತು ಸ್ಟಾಕ್‌ಹೋಮ್ ಸುತ್ತಿನ ಕಾಡುಗಳಿಗೆ, ಮಾರ್ಚ್ ನಡುವಿನಿಂದ ಏಪ್ರಿಲ್ ಕೊನೆಯವರೆಗಿನ ದಿನಗಳಿಗೆ. ರಜೆಗೆ ಊರಿಗೆ ಬಂದಾಗ ಇದೇ ಪಟ್ಟಿ ಹಿಡಿದು ಕುದುರೆಮುಖಕ್ಕೋ ಬಂಡೀಪುರದ ಅಂಚಿಗೋ ಹೊರಡಬೇಡಿ. ಅದೇ ತಿಂಗಳುಗಳು ನಮ್ಮಲ್ಲಿ ಕಾಡ್ಗಿಚ್ಚಿನ ಕಾಲ; ಮೀಸಲು ಅರಣ್ಯದಲ್ಲಿ ಬೆಂಕಿ ಹೊತ್ತಿಸುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ.

ಜಾಗ: ಕಟ್ಟಿಟ್ಟ ಒಲೆಯೋ, ನೀವೇ ಹೂಡುವ ಒಲೆಯೋ

ಫಿನ್‌ಲ್ಯಾಂಡಿನಲ್ಲಿ ಯಾರ ಕಾಡಿನಲ್ಲಾದರೂ ನಡೆಯಬಹುದು, ಹಣ್ಣು ಅಣಬೆ ಆಯಬಹುದು. ಆದರೆ ಆ ಹಕ್ಕಿನಲ್ಲಿ ಬೆಂಕಿ ಸೇರಿಲ್ಲ. ಬೇರೆಯವರ ನೆಲದಲ್ಲಿ ತೆರೆದ ಬೆಂಕಿ ಹಾಕಲು ಜಮೀನಿನ ಒಡೆಯರ ಅನುಮತಿ ಬೇಕು. ಒಣಗಿ ಬಿದ್ದ ಮರವೂ ಒಡೆಯರದ್ದೇ, ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಹಾಗಾಗಿ ಅಲ್ಲಿ ಒಂದು ದಿನದ ನಡಿಗೆಯೆಂದರೆ ಬಹುಪಾಲು ಸರಕಾರದ ಅರಣ್ಯ ಸಂಸ್ಥೆ ಮೆತ್ಸಾಹಲ್ಲಿತುಸ್ ನೋಡಿಕೊಳ್ಳುವ ಒಲೆಗಳಿಗೆ ಹೋಗುವುದು. 1994ರಲ್ಲಿ ಘೋಷಣೆಯಾದ ನೂಕ್ಸಿಯೊ ರಾಷ್ಟ್ರೀಯ ಉದ್ಯಾನ ಹೆಲ್ಸಿಂಕಿಯವರಿಗೆ ಎಲ್ಲಕ್ಕಿಂತ ಸಲೀಸು. ಎಸ್ಪೊ ನಿಲ್ದಾಣದಿಂದ 245ನೇ ನಂಬರಿನ ಬಸ್ಸು ಹಿಡಿದರೆ ಆಯಿತು. ಹೌಕ್ಕಲಂಪಿ ಕೆರೆಯ ಬಳಿಯಿಂದ ಹೊರಡುವ ಸುಮಾರು 4 ಕಿ.ಮೀ. ಸುತ್ತು ಮಕ್ಕಳಿದ್ದವರಿಗೂ ಆಗುತ್ತದೆ. ಇಲ್ಲಿ ಗುರುತಿಸಿದ ಒಲೆಗಳಲ್ಲಿ ಮಾತ್ರ ಬೆಂಕಿ, ಸೌದೆ ಕೊಟ್ಟಿಗೆಯಲ್ಲಿ ಉಚಿತ.

ಆ ಒಲೆಗಳಲ್ಲೂ ಭೇದವಿದೆ, ಹೊಸಬರು ಇದನ್ನು ಗಮನಿಸುವುದಿಲ್ಲ. ಸುತ್ತಲೂ ಬಯಲಿರುವ ತೆರೆದ ಒಲೆ ಒಂದು ಬಗೆ. ಒಂದು ಕಡೆ ತೆರೆದ ಮರದ ಗೂಡಾದ ‘ಲಾವು’ ಮುಂದಿನ ಒಲೆ ಇನ್ನೊಂದು. ಚಾವಣಿ, ಹೊಗೆಕೊಳವೆ ಇರುವ ಅಡುಗೆ ಚಪ್ಪರ ಮೂರನೆಯದು. ಹವಾಮಾನ ಇಲಾಖೆ ಕಾಡ್ಗಿಚ್ಚಿನ ಅಥವಾ ಹುಲ್ಲುಗಿಚ್ಚಿನ ಎಚ್ಚರಿಕೆ ಕೊಟ್ಟ ದಿನ ಮೊದಲ ಎರಡೂ ಬಂದ್. ಹೊಗೆಕೊಳವೆ ಇರುವ ಚಪ್ಪರದಲ್ಲಿ ಮಾತ್ರ ಸಾಮಾನ್ಯವಾಗಿ ಬೆಂಕಿ ಹಾಕಬಹುದು. ಹಿಮ ಕರಗುತ್ತಿರುವಾಗ ಎಂಥ ಕಿಚ್ಚು ಅನ್ನಿಸಬಹುದು. ಆದರೆ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಹಿಮ ಹೋದ ಎರಡೇ ದಿನಕ್ಕೆ ಹೋದ ವರ್ಷದ ಹುಲ್ಲು ಕಾಗದದಂತೆ ಒಣಗಿ ನಿಂತಿರುತ್ತದೆ, ಹೊಸ ಹಸಿರು ಇನ್ನೂ ಬಂದಿರುವುದಿಲ್ಲ. ಬಂಡೆಯ ಉತ್ತರಕ್ಕೆ ಮೊಣಕಾಲುದ್ದ ಹಿಮ, ದಕ್ಷಿಣಕ್ಕೆ ಪುಳ್ಳೆಯಂಥ ಹುಲ್ಲು, ಎರಡೂ ಒಂದೇ ದಿನ. ಏಪ್ರಿಲ್‌ನಲ್ಲಿ ಹೋಗುವವರು ಹೊಗೆಕೊಳವೆ ಇರುವ ಚಪ್ಪರವನ್ನೇ ಗುರಿಯಾಗಿಟ್ಟುಕೊಂಡು ದಾರಿ ಹಾಕಿಕೊಳ್ಳುವುದು ಜಾಣತನ.

ಸ್ವೀಡನ್ನಿನಲ್ಲಿ ನಿಯಮ ಸಡಿಲ, ಹೊಣೆ ಹೆಚ್ಚು. ಅಲ್ಲಿನ ‘ಅಲೆಮನ್ಸ್‌ರೆಟ್ಟ್’, ಅಂದರೆ ಕಾಡಿನಲ್ಲಿ ಎಲ್ಲರಿಗೂ ಇರುವ ಹಕ್ಕು ಎಂಬ ಸಂಪ್ರದಾಯದಡಿ ಎಚ್ಚರಿಕೆಯಿಂದ ಸಣ್ಣ ಬೆಂಕಿ ಹಾಕಬಹುದು, ನೆಲಕ್ಕೆ ಬಿದ್ದ ಕಡ್ಡಿ, ರೆಂಬೆ, ಪೈನ್ ಕಾಯಿ ಆಯಬಹುದು. ನಿಂತ ಮರ, ಗಾಳಿಗೆ ಉರುಳಿದ ಇಡೀ ಮರ, ಜೀವಂತ ಮರದ ತೊಗಟೆ ಕೂಡದು. ರಾಷ್ಟ್ರೀಯ ಉದ್ಯಾನ ಮತ್ತು ಸಂರಕ್ಷಿತ ಪ್ರದೇಶಗಳಲ್ಲಿ ನಿಯಮ ಬೇರೆ: ಸ್ಟಾಕ್‌ಹೋಮ್ ದಕ್ಷಿಣದ ಟೀರೆಸ್ಟಾದಲ್ಲಿ ಗುರುತಿಸಿದ ಜಾಗದಲ್ಲಷ್ಟೇ ಬೆಂಕಿ. 1999ರ ಆಗಸ್ಟಿನಲ್ಲಿ ಅಲ್ಲಿ ಸುಮಾರು 450 ಹೆಕ್ಟೇರ್ ಸುಟ್ಟುಹೋಯಿತು. ಬೆಂಕಿ ಮೇಲ್ಮಣ್ಣನ್ನೇ ತಿಂದುಹಾಕಿದ್ದರಿಂದ ಬೇರಿಗೆ ಹಿಡಿತ ತಪ್ಪಿ ಮರಗಳು ಉರುಳಿದವು. ಜಿಲ್ಲಾಡಳಿತ ಅಥವಾ ಪುರಸಭೆ ‘ಎಲ್ಡ್‌ನಿಂಗ್ಸ್‌ಫೊರ್‌ಬೂಡ್’, ಅಂದರೆ ಬೆಂಕಿ ನಿಷೇಧ, ಹೇರಿದೆಯೇ ಎಂದು ಹೊರಡುವ ದಿನ ಬೆಳಿಗ್ಗೆಯೇ ನೋಡಬೇಕು. ಹಿಂದಿನ ದಿನ ನೋಡಿದ್ದು ಲೆಕ್ಕಕ್ಕಿಲ್ಲ.

ಸ್ವೀಡನ್ನಿನಲ್ಲಿ ನೀವೇ ಜಾಗ ಆರಿಸುವುದಾದರೆ ನೀರಿನ ಪಕ್ಕದ ಮರಳು ಅಥವಾ ಗೊರಚು ಮಣ್ಣು ಎಲ್ಲಕ್ಕಿಂತ ಮೇಲು. ಬಂಡೆ ಸುರಕ್ಷಿತ ಎಂದು ಕಂಡರೂ ಬೇಡ. ಕಾದ ಗ್ರಾನೈಟ್ ಹೋಳಾಗಿ ಸಿಡಿಯುತ್ತದೆ, ಆ ಗಾಯ ಮಾಯುವುದಿಲ್ಲ. ಪಾಚಿ ಮತ್ತು ಕೊಳೆತ ಎಲೆಮಣ್ಣು ಎಲ್ಲಕ್ಕಿಂತ ಕೆಟ್ಟದ್ದು. ಮೇಲೆ ಆರಿದಂತೆ ಕಂಡರೂ ಕೆಂಡ ಒಳಗೊಳಗೇ ಹರಿದು ಮಾರನೆಯ ದಿನ ಮಾರು ದೂರದಲ್ಲಿ ತಲೆಯೆತ್ತುತ್ತದೆ. ಹಿಮದ ಮೇಲೆಯೇ ಹೂಡಿದರೆ ಹತ್ತು ನಿಮಿಷಕ್ಕೆ ಬೆಂಕಿ ತಾನೇ ಕರಗಿಸಿದ ಗುಂಡಿಗೆ ಇಳಿದು ನೀರಿನಲ್ಲಿ ಮುಳುಗುತ್ತದೆ. ಕೈಮುಷ್ಟಿ ದಪ್ಪದ ನಾಲ್ಕೈದು ತುಂಡು ಒತ್ತೊತ್ತಾಗಿ ಹಾಸಿ ಅದರ ಮೇಲೆ ಹೂಡಬೇಕು.

ಸೌದೆ ಆಯುವ ಗೋಜು ಬೇಡ ಎಂದರೆ ಪೆಟ್ರೋಲ್ ಬಂಕುಗಳಲ್ಲಿ ಬರ್ಚ್ ಸೌದೆಯ ಚೀಲ ಸಿಗುತ್ತದೆ. 4–5 ಕಿಲೊ ಚೀಲಕ್ಕೆ ಹಾಕಿಕೊಂಡರೆ ಇಬ್ಬರ ಊಟ, ಕಾಫಿ ಎರಡೂ ಮುಗಿಯುತ್ತದೆ. ಶುದ್ಧ ಬುಶ್‌ಕ್ರಾಫ್ಟಿನವರು ಮೂಗು ಮುರಿಯಬಹುದು, ಮುರಿಯಲಿ.

ಚೂರಿ, ಕೊಡಲಿ, ಗರಗಸ

ಕಟ್ಟಿಟ್ಟ ಒಲೆಗೆ ಹೋಗುವವರಿಗೆ ಗರಗಸ ಬೇಡ. ಕೊಟ್ಟಿಗೆಯ ಸೌದೆ ಮೊಳಕ್ಕಿಂತ ಚಿಕ್ಕದಾಗಿ ಕೊಯ್ದಿರುತ್ತದೆ, ಆದರೆ ತೋಳಿನಷ್ಟು ದಪ್ಪ. ಚಳಿಗಾಲವಿಡೀ ಹೊರಗಿದ್ದು ಹೊರಮೈ ತೇವ ಹೀರಿರುತ್ತದೆ, ಒಣಗಿದ ಮರ ಇರುವುದು ನಡುವೆ. ಸೀಳಿ ಒಳಗಿನ ಒಣಭಾಗ ಹೊರತೆಗೆಯುವುದೇ ಇಲ್ಲಿ ಮುಖ್ಯ ಕೆಲಸ. ಎಷ್ಟೋ ಕಡೆ ಕೊಡಲಿ ಸರಪಳಿ ಕಟ್ಟಿ ಇಟ್ಟಿರುತ್ತಾರೆ. ಇದ್ದರೆ ಅದೃಷ್ಟ, ಹರಿತವಾಗಿದ್ದರೆ ಪೂರ್ವಜನ್ಮದ ಪುಣ್ಯ.

ಕೊಡಲಿಯಲ್ಲಿ ಇಬ್ಬರು ಪ್ರತಿನಿಧಿಗಳನ್ನು ಹೋಲಿಸೋಣ. ಫಿನ್‌ಲ್ಯಾಂಡಿನ ಫಿಸ್ಕರ್ಸ್ ಎಕ್ಸ್7 ಮತ್ತು ಸ್ವೀಡನ್ನಿನ ಗ್ರಾನ್ಸ್‌ಫೋರ್ಸ್ ಬ್ರೂಕ್‌ನ ಸಣ್ಣ ವೈಲ್ಡ್‌ಲೈಫ್ ಕೊಡಲಿ ಎರಡೂ ಸುಮಾರು 35 ಸೆಂ.ಮೀ. ಉದ್ದ, 600 ಗ್ರಾಂ ಆಸುಪಾಸು ತೂಕ. ಬೆಲೆಯಲ್ಲಿ ಮಾತ್ರ ಎರಡನೆಯದು ಹಲವು ಪಟ್ಟು. ಫಿಸ್ಕರ್ಸ್‌ನ ತಲೆ ಬೆಣೆಯಂತೆ ಅಗಲ, ಸೌದೆ ಸೀಳಲು ಚೆನ್ನ, ಕೆತ್ತಲು ಒರಟು. ಹಿಡಿ ಪ್ಲಾಸ್ಟಿಕ್ಕಿನದು, ಸಡಿಲವಾಗುವ ಪ್ರಶ್ನೆಯಿಲ್ಲ. ಗ್ರಾನ್ಸ್‌ಫೋರ್ಸ್‌ನ ಅಲಗು ತೆಳು, ಕೆತ್ತನೆಗೆ ಬಲು ಸೊಗಸು. ಆದರೆ ಮರದ ಹಿಡಿ ಚಳಿಗಾಲವಿಡೀ ರೇಡಿಯೇಟರ್ ಪಕ್ಕದ ಕಪಾಟಿನಲ್ಲಿ ಒಣಗಿ ಕುಗ್ಗುತ್ತದೆ, ಮಾರ್ಚಿನ ಮೊದಲ ನಡಿಗೆಯಲ್ಲೇ ತಲೆ ಅಲ್ಲಾಡತೊಡಗುತ್ತದೆ. ಅದಕ್ಕೆ ಮದ್ದು ಅಗಸೆ ಎಣ್ಣೆ ಮತ್ತು ತಂಪಾದ ಜಾಗ. ನೀರಿನಲ್ಲಿ ನೆನೆಹಾಕುವುದಲ್ಲ, ಅದು ಒಂದು ದಿನ ಬಿಗಿಮಾಡಿ ಮಾರನೆಯ ದಿನ ಇನ್ನಷ್ಟು ಸಡಿಲಿಸುತ್ತದೆ. ಸೌದೆ ಸೀಳಲಿಕ್ಕಷ್ಟೇ ಬೇಕಾದರೆ ಫಿಸ್ಕರ್ಸ್ ಸಾಕು.

ಗಿಡ್ಡ ಕೊಡಲಿ ಉದ್ದದ್ದಕ್ಕಿಂತ ಅಪಾಯಕರ. ಉದ್ದ ಕೊಡಲಿ ಗುರಿ ತಪ್ಪಿದರೆ ನೆಲಕ್ಕೆ ಬೀಳುತ್ತದೆ, ಗಿಡ್ಡದ್ದು ಮೊಣಕಾಲಿಗೆ. ಮಂಡಿಯೂರಿ ಕೂತು, ಕೊರಡಿನ ಮೇಲೆ ಸೌದೆಯಿಟ್ಟು ಹೊಡೆಯಬೇಕು. ಇನ್ನೂ ಒಳ್ಳೆಯ ವಿಧಾನವೆಂದರೆ ಕೊಡಲಿಯ ಅಂಚನ್ನು ಸೌದೆಯ ತುದಿಗೆ ತಾಗಿಸಿ, ಎರಡನ್ನೂ ಒಟ್ಟಿಗೆ ಹಿಡಿದೆತ್ತಿ ಕೊರಡಿಗೆ ಕುಟ್ಟುವುದು. ಬೀಸುವ ಮಾತೇ ಇಲ್ಲ, ಬೆರಳು ಉಳಿಯುತ್ತದೆ.

ಕೊಡಲಿ ಬೇಡವೆನ್ನುವವರಿಗೆ ದಪ್ಪ ಅಲಗಿನ ಚೂರಿ ಇದೆ. ಸೌದೆಯ ತಲೆಯ ಮೇಲೆ ಅಲಗಿಟ್ಟು, ಬೆನ್ನಿಗೆ ಮರದ ತುಂಡಿನಿಂದ ಹೊಡೆದು ಸೀಳುವುದು. ಇದಕ್ಕೊಂದು ಲೆಕ್ಕವಿದೆ. ಅಲಗು ಸೌದೆಯಾಚೆ 3–4 ಸೆಂ.ಮೀ. ಚಾಚಬೇಕು, ಇಲ್ಲವಾದರೆ ಒಳಗಿಳಿದ ಮೇಲೆ ಹೊಡೆಯಲು ಬೆನ್ನೇ ಇರುವುದಿಲ್ಲ. ಅಂದರೆ 10 ಸೆಂ.ಮೀ. ಅಲಗಿಗೆ 6 ಸೆಂ.ಮೀ. ದಪ್ಪದ ಸೌದೆಯೇ ಮಿತಿ. ತೋಳು ದಪ್ಪದ ಸೌದೆಯಾದರೆ ನಡುವಿಗೆ ಹೋಗದೆ ಅಂಚಿನಿಂದ ಚಕ್ಕೆ ಚಕ್ಕೆಯಾಗಿ ಬಿಡಿಸುತ್ತ ಬರಬೇಕು. ಗಂಟಿರುವ ತುಂಡನ್ನು ಪಕ್ಕಕ್ಕಿಡಿ. ಚೂರಿ ಮುರಿಯುವುದು ಹೆಚ್ಚಾಗಿ ಗಂಟಿನಲ್ಲೇ, ಅದೂ ಅಲಗು ಹಿಡಿಯೊಳಗೆ ಹೋಗುವ ಕತ್ತಿನ ಜಾಗದಲ್ಲಿ.

ಸ್ವೀಡನ್ನಿನ ಮೊರಾ ಊರಿನ ಚೂರಿಗಳಲ್ಲಿ ಕಂಪ್ಯಾನಿಯನ್ ಎಲ್ಲಕ್ಕಿಂತ ಹೆಚ್ಚು ಕಾಣಸಿಗುವುದು. ಅಲಗಿನ ದಪ್ಪ 2.5 ಮಿ.ಮೀ., ಬೆಲೆ 20 ಯೂರೋ ಆಸುಪಾಸು. ಬ್ರೆಡ್ಡು, ಈರುಳ್ಳಿ, ಪುಳ್ಳೆ ಕೆತ್ತನೆ ಎಲ್ಲಕ್ಕೂ ಆಗುತ್ತದೆ. ಆಗೊಮ್ಮೆ ಈಗೊಮ್ಮೆ ತೆಳು ಸೌದೆ ಸೀಳಿದರೂ ತಡೆದುಕೊಳ್ಳುತ್ತದೆ. ಅದೇ ಊರಿನ ಗಾರ್‌ಬೆರ್ಗ್ ಚೂರಿಯದು 3.2 ಮಿ.ಮೀ. ದಪ್ಪ, ಉಕ್ಕು ಹಿಡಿಯ ಕೊನೆವರೆಗೂ ಚಾಚಿದೆ. ದಿನವಿಡೀ ಹೊಡೆದು ಸೀಳುವವರಿಗೆ ಅದು. ಫಿನ್ನಿಶ್ ‘ಪೂಕ್ಕೊ’ ಬರ್ಚ್ ಮರದ ಹಿಡಿಯ ಸುಂದರ ವಸ್ತು, ಕೆತ್ತಲು ಇದನ್ನು ಮೀರಿದ್ದಿಲ್ಲ, ಆದರೆ ಹೊಡೆತಕ್ಕೆ ಹುಟ್ಟಿದ್ದಲ್ಲ. ಉಕ್ಕಿನ ವಿಷಯದಲ್ಲಿ ಈ ಋತುವಿಗೆ ತುಕ್ಕು ಹಿಡಿಯದ್ದೇ ಸರಿ. ಕಾರ್ಬನ್ ಉಕ್ಕು ಮಸೆಯಲು ಸುಲಭ ನಿಜ, ಆದರೆ ತೇವದ ಒರೆಯೊಳಗೆ ಮನೆ ಸೇರುವಷ್ಟರಲ್ಲಿ ಕಂದು ಚುಕ್ಕೆ ಬಿದ್ದಿರುತ್ತದೆ.

ಗರಗಸ ಸಾರ್ಥಕವಾಗುವುದು ಸ್ವೀಡನ್ನಿನಲ್ಲಿ, ಬಿದ್ದ ರೆಂಬೆ ಆಯ್ದುಕೊಳ್ಳುವಾಗ. ಬಾಹ್ಕೊ ಲ್ಯಾಪ್‌ಲ್ಯಾಂಡರ್‌ನ ಅಲಗು 19 ಸೆಂ.ಮೀ., ತೂಕ ಸುಮಾರು 200 ಗ್ರಾಂ. ಮಣಿಕಟ್ಟಿನಷ್ಟು ದಪ್ಪದ ರೆಂಬೆಯನ್ನು ಒಂದು ನಿಮಿಷದೊಳಗೆ ತುಂಡರಿಸುತ್ತದೆ. ಇದರ ಜೊತೆ ಒಂದು ಕಂಪ್ಯಾನಿಯನ್ ಇದ್ದರೆ ಕೊಡಲಿಯನ್ನು ಮನೆಯಲ್ಲೇ ಬಿಡಬಹುದು. ಬಾಗಿದ ರೆಂಬೆಯನ್ನು ಒಳಬಾಗಿನ ಕಡೆಯಿಂದ ಕೊಯ್ದರೆ ಕೊಯ್ತ ಮುಚ್ಚಿಕೊಂಡು ಗರಗಸ ಸಿಕ್ಕಿಬೀಳುತ್ತದೆ, ಎಳೆದಾಡಿದರೆ ತೆಳು ಅಲಗು ಸೊಟ್ಟಗಾಗುತ್ತದೆ. ಕೊಯ್ತ ಬಾಯಿಬಿಡುವಂತೆ ನೋಡಿಕೊಳ್ಳಿ.

ಒಂದು ಮಾತು ಕಾನೂನಿನದು. ಎರಡೂ ದೇಶಗಳಲ್ಲಿ ಸಾರ್ವಜನಿಕ ಜಾಗದಲ್ಲಿ ಕಾರಣವಿಲ್ಲದೆ ಚೂರಿ ಇಟ್ಟುಕೊಳ್ಳುವುದು ಅಪರಾಧ. ಕಾಡಿನಲ್ಲಿ ಕಾರಣವಿದೆ, ವಾಪಸು ಬರುವಾಗ ಹೊಕ್ಕ ಸೂಪರ್ ಮಾರ್ಕೆಟ್ಟಿನಲ್ಲಿ ಇಲ್ಲ. ಬಸ್ಸು ಹತ್ತುವ ಮೊದಲೇ ಸೊಂಟದಿಂದ ಬಿಚ್ಚಿ ಚೀಲದ ತಳಕ್ಕೆ ಹಾಕಿ.

ಲೈಟರೋ, ಫೆರೋ ರಾಡೋ

ಮೊದಲ ಆಯ್ಕೆ ಲೈಟರ್, ಇದರಲ್ಲಿ ಚರ್ಚೆ ಬೇಡ. ಆದರೆ ಲೈಟರಿನ ಬ್ಯುಟೇನ್ ಕುದಿಯುವುದು ಸುಮಾರು ಮೈನಸ್ 0.5 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಚೀಲದ ಹೊರಜೇಬಿನಲ್ಲಿ ರಾತ್ರಿಯ ಚಳಿ ಹೀರಿದ ಲೈಟರ್ ಬೆಳಿಗ್ಗೆ ಕಿಡಿ ಕೊಡುತ್ತದೆ, ಉರಿ ಕೊಡುವುದಿಲ್ಲ. ಅದು ಕೆಟ್ಟಿಲ್ಲ, ಅನಿಲವಾಗಲು ಬೇಕಾದ ಶಾಖವಿಲ್ಲ ಅಷ್ಟೇ. ಪ್ಯಾಂಟಿನ ಜೇಬಿನಲ್ಲಿಡಿ, ಇಲ್ಲವೇ ಎರಡು ನಿಮಿಷ ಕಂಕುಳಲ್ಲಿ ಇಟ್ಟುಕೊಳ್ಳಿ.

ಫೆರೋ ರಾಡ್ ಎಂದರೆ ಕೆರೆದರೆ ಕಿಡಿ ಹಾರಿಸುವ ಲೋಹದ ಕಡ್ಡಿ. ಅದು ಒದ್ದೆಯಾದರೂ ಒರೆಸಿದರೆ ಕಿಡಿ ಕೊಡುತ್ತದೆ, ಚಳಿಗೆ ಜಗ್ಗುವುದಿಲ್ಲ. 5 ಮಿ.ಮೀ.ದಕ್ಕಿಂತ 8–10 ಮಿ.ಮೀ. ದಪ್ಪದ್ದು ಕೊಳ್ಳಿ, ದಪ್ಪ ಕಡ್ಡಿ ದಪ್ಪ ಕಿಡಿ ಕೊಡುತ್ತದೆ, ಮರಗಟ್ಟಿದ ಬೆರಳಿಗೆ ಹಿಡಿತವೂ ಸಿಗುತ್ತದೆ. ಹೊಸದರ ಕಪ್ಪು ಲೇಪವನ್ನು ಮೊದಲು ಕೆರೆದು ತೆಗೆಯಬೇಕು. ಚೂರಿಯ ಅಂಚಿನಿಂದ ಕೆರೆಯಬೇಡಿ, ಬೆನ್ನಿನಿಂದ ಕೆರೆಯಿರಿ. ಆ ಬೆನ್ನು ಚೌಕವಾಗಿ, ಚೂಪು ಮೂಲೆಯಿರುವಂತೆ ಮಸೆದಿರಬೇಕು. ಮಾಮೂಲಿ ಕಂಪ್ಯಾನಿಯನ್‌ನ ಬೆನ್ನು ಹಾಗಿಲ್ಲ, ಗಾರ್‌ಬೆರ್ಗ್‌ನದು ಹಾಗಿದೆ. ಅಂಗಡಿಯಲ್ಲಿ ಯಾರೂ ಹೇಳದ ಈ ವ್ಯತ್ಯಾಸದಿಂದಲೇ ಎಷ್ಟೋ ಜನ ರಾಡ್ ಸರಿಯಿಲ್ಲ ಎಂದು ಬೈದುಕೊಳ್ಳುತ್ತಾರೆ. ಕೆರೆಯುವಾಗ ಚೂರಿಯನ್ನು ಮುಂದಕ್ಕೆ ತಳ್ಳಿದರೆ ಜೋಡಿಸಿಟ್ಟ ಪುಳ್ಳೆ ಚೆಲ್ಲಾಪಿಲ್ಲಿಯಾಗುತ್ತದೆ. ಚೂರಿ ಅಲ್ಲಾಡದಂತೆ ಹಿಡಿದು ರಾಡನ್ನು ಹಿಂದಕ್ಕೆ ಎಳೆಯಬೇಕು.

ಕಿಡಿ ಹಿಡಿಯುವ ವಸ್ತುವಿನಲ್ಲಿ ಮೂರು ಆಯ್ಕೆ. ಬರ್ಚ್ ತೊಗಟೆಯ ಎಣ್ಣೆಯಂಶದಿಂದ ಅದು ಒದ್ದೆಯಿದ್ದರೂ ಉರಿಯುತ್ತದೆ. ಆದರೆ ಹಾಳೆಯಂತಿದ್ದರೆ ಕಿಡಿ ಹಿಡಿಯುವುದಿಲ್ಲ, ಚೂರಿಯ ಬೆನ್ನಿನಿಂದ ಕೆರೆದು ಒಂದು ಚಮಚದಷ್ಟು ಹೊಟ್ಟು ಮಾಡಬೇಕು. ಕೊಟ್ಟಿಗೆಯ ಬರ್ಚ್ ಸೌದೆಯ ಮೇಲೇ ಬೇಕಾದಷ್ಟು ತೊಗಟೆ ಇರುತ್ತದೆ, ನಿಂತ ಮರ ಸುಲಿಯುವ ಅಗತ್ಯವಿಲ್ಲ. ಎರಡನೆಯದು ರಾಳ ತುಂಬಿದ ಪೈನ್ ಬುಡದ ಕಡ್ಡಿ, ಅಂಗಡಿಯಲ್ಲಿ ಕಟ್ಟು ಕಟ್ಟಾಗಿ ಸಿಗುತ್ತದೆ. ಮಲೆನಾಡಿನ ಧೂಪದ ಮರದ ರಾಳ ಹತ್ತಿಕೊಳ್ಳುವಂತೆಯೇ ಕಪ್ಪು ಹೊಗೆ ಬಿಟ್ಟು ಹತ್ತಿಕೊಳ್ಳುತ್ತದೆ. ಮೂರನೆಯದು ಮನೆಯಲ್ಲೇ ವ್ಯಾಸಲೀನ್ ತಿಕ್ಕಿದ ಹತ್ತಿಯುಂಡೆ. ನಾಲ್ಕೈದು ಉಂಡೆ ಸಣ್ಣ ಡಬ್ಬಿಯಲ್ಲಿ ಹಾಕಿಕೊಂಡರೆ ಆಯಿತು. ಹಚ್ಚುವ ಮೊದಲು ಎಳೆ ಬಿಡಿಸಿ ಹಿಂಜಬೇಕು. ಮಳೆಯ ದಿನಕ್ಕೆ ಇದನ್ನು ಸರಿಗಟ್ಟುವುದಿಲ್ಲ ಬೇರಾವುದೂ.

ಜೋಡಿಸುವ ಬಗೆ

ಬೆಂಕಿ ಹತ್ತದಿರುವುದಕ್ಕೆ ನೂರಕ್ಕೆ ತೊಂಬತ್ತು ಸಲ ಕಾರಣ ಪುಳ್ಳೆಯ ಕೊರತೆ. ಬೆಂಕಿಕಡ್ಡಿ ದಪ್ಪದ್ದು ಎರಡು ಹಿಡಿ, ಪೆನ್ಸಿಲ್ ದಪ್ಪದ್ದು ಎರಡು ಹಿಡಿ, ಹೆಬ್ಬೆರಳು ದಪ್ಪದ್ದು ಒಂದು ತೆಕ್ಕೆ ಸಿದ್ಧವಾಗುವವರೆಗೆ ಲೈಟರ್ ಮುಟ್ಟಬಾರದು. ಅದರ ಮೇಲೆ ಒಂದು ಗಂಟೆಯ ಬೆಂಕಿಗೆ ನಾಲ್ಕೈದು ಸೌದೆ. ಒಲೆಯ ತಳದಲ್ಲಿ ಹಿಮ, ನೀರು, ನೆನೆದ ಬೂದಿ ಇದ್ದರೆ ಬಳಿದು ತೆಗೆದು, ಎರಡು ಸೌದೆ ಅಡ್ಡ ಹಾಸಿ ಅದರ ಮೇಲೆ ಹೂಡಿ.

ಕೆಟಲಿನ ನೀರು ಬೇಗ ಕುದಿಯಬೇಕೆಂದರೆ ಗೋಪುರದಂತೆ ನಿಲ್ಲಿಸುವ ಜೋಡಣೆ. ಹತ್ತು ನಿಮಿಷಕ್ಕೆ ಜೋರು ಉರಿ, ಆದರೆ ಕುಸಿಯುತ್ತಿರುತ್ತದೆ, ಯಾರಾದರೂ ಪಕ್ಕದಲ್ಲೇ ಇರಬೇಕು. ಕೆಂಡದ ಮೇಲೆ ಬೇಯಿಸುವುದಿದ್ದರೆ ದಪ್ಪ ಸೌದೆ ಕೆಳಗೆ, ಅದರ ಮೇಲೆ ಅಡ್ಡಡ್ಡವಾಗಿ ಸಣ್ಣದ್ದು, ಪುಳ್ಳೆ ತುತ್ತತುದಿಗೆ ಇಟ್ಟು ಮೇಲಿನಿಂದ ಹಚ್ಚುವುದು. ಕೆಳಗಿನ ಸೌದೆಯಿಂದೇಳುವ ಹೊಗೆ ಮೇಲಿನ ಉರಿಯಲ್ಲೇ ಸುಟ್ಟುಹೋಗುವುದರಿಂದ ಕಣ್ಣುರಿ ಕಡಿಮೆ. ಅರ್ಧ ಗಂಟೆ ಮುಟ್ಟದೆ ಬಿಟ್ಟರೆ ಸಮನಾದ ಕೆಂಡ ಸಿದ್ಧ. ನಮ್ಮವರಿಗೆ ಇದು ಅಭ್ಯಾಸವಿಲ್ಲ. ಹಿತ್ತಲ ಬಚ್ಚಲೊಲೆಗೆ ಯಾರೂ ಮೇಲಿನಿಂದ ಬೆಂಕಿ ಹಚ್ಚಿದವರಲ್ಲ. ಒಮ್ಮೆ ನೋಡಿದರೆ ನಂಬುತ್ತೀರಿ.

ಬೆಂಕಿ ಇಲ್ಲವೆಂದ ದಿನಕ್ಕೆ

ಎಚ್ಚರಿಕೆ ಬಿದ್ದ ದಿನ ಎಲ್ಲಕ್ಕಿಂತ ಖಚಿತ ಆಯ್ಕೆ 1 ಲೀಟರ್ ಫ್ಲಾಸ್ಕು. ಅದು ಎಲ್ಲ ದಿನವೂ ಚೀಲದಲ್ಲಿರಲಿ. ಅದರಾಚೆಗೆ ಸ್ಪಿರಿಟ್ ಸ್ಟವ್ ಮತ್ತು ಗ್ಯಾಸ್ ಸ್ಟವ್ ನಡುವೆ ಆರಿಸಬೇಕು. ಫಿನ್‌ಲ್ಯಾಂಡಿನಲ್ಲಿ ಈ ಎರಡನ್ನೂ ತೆರೆದ ಬೆಂಕಿ ಎಂದು ಎಣಿಸುವುದಿಲ್ಲ, ಉರುಳದಂತೆ ಇಟ್ಟು ಬಳಸಬಹುದು. ಕಡ್ಡಿ ಹಾಕಿ ಉರಿಸುವ ಸಣ್ಣ ಡಬ್ಬಿ ಒಲೆ ಮಾತ್ರ ತೆರೆದ ಬೆಂಕಿಯೇ. ‘ಸ್ಟವ್ ಅಲ್ಲವೇ’ ಎಂದು ಅದನ್ನು ಒಯ್ದವರು ಪೇಚಿಗೆ ಸಿಲುಕುತ್ತಾರೆ.

ಸ್ವೀಡನ್ನಿನ ಟ್ರಾಂಗಿಯಾ ಸ್ಪಿರಿಟ್ ಸ್ಟವ್ ಗಾಳಿಗೆ ಅಂಜುವುದಿಲ್ಲ, ಕೆಡಲು ಅದರಲ್ಲಿ ಬಿಡಿಭಾಗವೇ ಇಲ್ಲ. 27ರ ಮಾದರಿ ಇಬ್ಬರಿಗೆ, 25ರದು ನಾಲ್ವರಿಗೆ. ಇಂಧನ ಫಿನ್‌ಲ್ಯಾಂಡಿನಲ್ಲಿ ಸಿನೊಲ್, ಸ್ವೀಡನ್ನಿನಲ್ಲಿ ಟಿ-ರೊಡ್. ಒಮ್ಮೆ ತುಂಬಿದರೆ ಸುಮಾರು 25 ನಿಮಿಷ ಉರಿಯುತ್ತದೆ. ಪಾತ್ರೆಯ ತಳಕ್ಕೆ ಮಸಿ ಹಿಡಿದರೆ ಇಂಧನಕ್ಕೆ ಹತ್ತರಲ್ಲೊಂದು ಪಾಲು ನೀರು ಬೆರೆಸಿ. ಚಳಿಯಲ್ಲಿ ಹತ್ತಿಕೊಳ್ಳಲು ಸತಾಯಿಸುತ್ತದೆ, ಬರ್ನರನ್ನು ಮೊದಲೇ ಕೋಟಿನ ಒಳಗಿಟ್ಟುಕೊಂಡರೆ ಸಲೀಸು. ಇದರ ನಿಜವಾದ ಅಪಾಯ ಬೇರೆ. ಸ್ಪಿರಿಟ್ಟಿನ ಉರಿ ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಆರಿತೆಂದುಕೊಂಡು ಬಾಟಲಿಯಿಂದ ಮತ್ತೆ ಹುಯ್ದರೆ ಉರಿ ಬಾಟಲಿಗೆ ಹತ್ತಿ ಕೈಗೂ ಮುಖಕ್ಕೂ ಹಾರುತ್ತದೆ. ಮುಚ್ಚಳ ಹಾಕಿ ಆರಿಸಿ, ಬರ್ನರ್ ಬರಿಗೈಲಿ ಮುಟ್ಟುವಷ್ಟು ತಣಿದ ಮೇಲಷ್ಟೇ ತುಂಬಬೇಕು. ಮಕ್ಕಳು ಜೊತೆಗಿದ್ದರೆ ಗ್ಯಾಸೇ ಆಗಲಿ ಎನ್ನಲು ಈ ಒಂದು ಕಾರಣ ಸಾಕು.

ಗ್ಯಾಸಿನಲ್ಲಿ ಡಬ್ಬಿಯ ಮೇಲಿನ ಬರಹ ಓದಿ ಕೊಳ್ಳಿ. ಬರೀ ಬ್ಯುಟೇನ್ ಇದ್ದರೆ ಲೈಟರಿನ ಕತೆಯೇ. ಐಸೊಬ್ಯುಟೇನ್ ಮೈನಸ್ 12, ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಅನಿಲವಾಗುತ್ತವೆ. ಇವೆರಡರ ಮಿಶ್ರಣ ಈ ಋತುವಿಗೆ ಸಾಕೋ ಸಾಕು. ಡಬ್ಬಿಯನ್ನು ಹಿಮದ ಮೇಲಲ್ಲ, ಹಲಗೆಯ ಮೇಲಿಡಿ.

ಕಾಲಿಗೆ, ಮೈಗೆ

ರಬ್ಬರ್ ಬೂಟು ಮತ್ತು ಚರ್ಮದ ಟ್ರೆಕ್ಕಿಂಗ್ ಬೂಟಿನಲ್ಲಿ ಮಾರ್ಚ್–ಏಪ್ರಿಲ್‌ಗೆ ರಬ್ಬರೇ ಗೆಲ್ಲುತ್ತದೆ, ಅಂಗಡಿಯವರು ಏನೇ ಹೇಳಲಿ. ದಾರಿ ತುಂಬ ಹಿಮಗೆಸರು, ಕಟ್ಟಿಗೆ ಹಾಸಿದ ಜೌಗು, ಹರಿಯುವ ಹಿಮನೀರು. ಜಲನಿರೋಧಕ ಪೊರೆಯ ಬೂಟಿಗೂ ಮೇಲಿನಿಂದ ನೀರಿಳಿದರೆ ಅದು ತುಂಬಿದ ಬಕೆಟ್ಟೇ, ಸಂಜೆಯವರೆಗೆ ಒಣಗುವುದಿಲ್ಲ. ರಬ್ಬರ್ ಬೂಟನ್ನು ಒಂದು ಅಳತೆ ದೊಡ್ಡದು ಕೊಂಡು, ಒಳಗೆ ಫೆಲ್ಟ್ ಹಾಸು, ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಬೇಕು. ಬಿಗಿಯಾಗಿದ್ದರೆ ರಕ್ತ ಓಡದೆ ಬೆರಳು ಮರಗಟ್ಟುತ್ತವೆ. ಅದರ ದೋಷ ಜಾರುವುದು. ಜನ ತುಳಿದು ತುಳಿದು ಗಾಜಾದ ನೆರಳು ದಾರಿಗೂ, ಬೆಳಗಿನ ಇಬ್ಬನಿ ಹೆಪ್ಪುಗಟ್ಟಿದ ಹಲಗೆದಾರಿಗೂ ಮೇಲಿಂದ ಹಾಕಿಕೊಳ್ಳುವ ಮುಳ್ಳುಪಟ್ಟಿ ಚೀಲದಲ್ಲಿರಲಿ. ಏಪ್ರಿಲ್ ಕೊನೆಯ ಹೊತ್ತಿಗೆ ದಾರಿ ಒಣಗಿ, ನಡಿಗೆ 12 ಕಿ.ಮೀ. ದಾಟುವುದಾದರೆ ಚರ್ಮದ ಬೂಟು ಸರಿ.

ಬೆಂಕಿಯ ಪಕ್ಕ ಕೂರುವವರಿಗೆ ತೆಳು ಬಟ್ಟೆಯೊಳಗೆ ಹಕ್ಕಿಯ ಪುಕ್ಕ ತುಂಬಿದ ಡೌನ್ ಜಾಕೆಟ್ ಶತ್ರು. ಸ್ಪ್ರೂಸ್ ಸೌದೆಯ ರಾಳದ ಗುಳ್ಳೆಗಳು ಪಟಪಟ ಸಿಡಿಯುತ್ತವೆ, ಒಂದೊಂದು ಕಿಡಿಗೂ ತೆಳು ನೈಲಾನಿನಲ್ಲಿ ಒಂದೊಂದು ತೂತು. ಬರ್ಚ್ ಅಷ್ಟು ಸಿಡಿಯುವುದಿಲ್ಲ. ನಡೆಯುವಾಗ ಏನಾದರೂ ಹಾಕಿ, ಬೆಂಕಿಯ ಮುಂದೆ ಮೇಲುಡುಪು ಉಣ್ಣೆ ಅಥವಾ ದಪ್ಪ ಹತ್ತಿ ಮಿಶ್ರಣದ್ದಿರಲಿ. ಮೈಗಂಟಿದ ಒಳ ಅಂಗಿ ಮಾತ್ರ ಹತ್ತಿಯದು ಬೇಡ. ಬೆವರು ಹೀರಿ, ಕೂತೊಡನೆ ಬೆನ್ನಿಗೆ ತಣ್ಣೀರ ಬಟ್ಟೆಯಾಗುತ್ತದೆ. ಕೂರಲು ಫೋಮ್ ತುಂಡು ಮರೆಯಬೇಡಿ.

ತಾಪಮಾನ 5 ಡಿಗ್ರಿ ದಾಟಿತೆಂದರೆ ಉಣ್ಣಿಗಳು ಎದ್ದು ಕೂರುತ್ತವೆ. ಉಣ್ಣೆ ಹಾಕಿದ್ದೇವೆಂದು ಉಣ್ಣಿ ಬಿಡುವುದಿಲ್ಲ. ಮನೆಗೆ ಬಂದ ಮೇಲೆ ಮೊಣಕಾಲ ಸಂದು, ತೊಡೆಸಂದು, ಮಕ್ಕಳಿಗೆ ಕಿವಿಯ ಹಿಂದೆ ನೋಡಬೇಕು. ಇನ್ನು ಕೆರೆಯ ಮಂಜುಗಡ್ಡೆ: ಚಳಿಗಾಲದಲ್ಲಿ 10 ಸೆಂ.ಮೀ. ಗಟ್ಟಿ ಮಂಜುಗಡ್ಡೆ ನಡೆಯಲು ಸಾಕೆನ್ನುತ್ತಾರೆ. ವಸಂತದ ಬಿಸಿಲಿಗೆ ಅದು ಒಳಗೊಳಗೆ ಸೂಜಿ ಸೂಜಿಯಾಗಿ ಬಿಡಿಬಿಡಿಯಾಗಿರುತ್ತದೆ, ಆಗ ದಪ್ಪದ ಅಳತೆಗೆ ಅರ್ಥವಿಲ್ಲ. ಬೇರೆಯವರ ಹೆಜ್ಜೆಗುರುತು ಕಂಡರೂ ದಡದಲ್ಲೇ ನಡೆಯಿರಿ. ಎರಡೂ ದೇಶಗಳಲ್ಲಿ ತುರ್ತು ಸಂಖ್ಯೆ 112.

ಬುತ್ತಿ

ಕೆಂಡದ ಮೇಲೆ ಅಡುಗೆ ಮಾಡುವ ಉಮೇದು ಒಂದು ಕಡೆ, ಮೂರು ಗಂಟೆಗೆ ಹಸಿದ ಹೊಟ್ಟೆ ಇನ್ನೊಂದು ಕಡೆ. ಮನೆಯಲ್ಲೇ ರವೆ ಹುರಿದು, ಒಗ್ಗರಣೆ ಬೆರೆಸಿ, ಡಬ್ಬಿಗೆ ಹಾಕಿಕೊಂಡರೆ 1 ಲೋಟಕ್ಕೆ 2½ ಲೋಟ ಕುದಿನೀರಿನಲ್ಲಿ ಇಬ್ಬರ ಉಪ್ಪಿಟ್ಟು. ಬೆಂಕಿ ಕೈಕೊಟ್ಟರೆ ಉಪ್ಪಿಟ್ಟೂ ಕೈಕೊಡುತ್ತದೆ. ಗೊಜ್ಜವಲಕ್ಕಿಯ ಒಣಮಿಶ್ರಣಕ್ಕೆ ಫ್ಲಾಸ್ಕಿನ ನೀರೇ ಸಾಕು. ಅನುಮಾನದ ದಿನಕ್ಕೆ ಅದೇ ಆಯ್ಕೆ. ಫಿನ್ನರಂತೆ ಹಿಟ್ಟನ್ನು ಕಡ್ಡಿಗೆ ಸುತ್ತಿ ಸುಡುವುದು ಮಕ್ಕಳಿಗೆ ಇಷ್ಟ. ದಪ್ಪ ಸುತ್ತಿದರೆ ಹೊರಗೆ ಕರಿ, ಒಳಗೆ ಹಸಿ. ಕಿರುಬೆರಳು ದಪ್ಪಕ್ಕೆ ಹೊಸೆದು, ಉರಿಯಲ್ಲಲ್ಲ, ಕೆಂಡದ ಮೇಲೆ ಹತ್ತು ನಿಮಿಷ ತಿರುಗಿಸಬೇಕು. ಕಡ್ಡಿಗೆ ಹಸಿರು ರೆಂಬೆ ಮುರಿಯದೆ ಮನೆಯಿಂದ ಕಬ್ಬಿಣದ ಸಲಾಕೆ ತನ್ನಿ.

ಕಾಫಿಗೆ ಅಲ್ಲಿಯವರ ಮಸಿಗೆಟಲ್ ವಿಧಾನ ಒಮ್ಮೆ ನೋಡುವಂಥದ್ದು. ಕಪ್ಪಿಗೊಂದು ದೊಡ್ಡ ಚಮಚದಂತೆ ತರಿಪುಡಿ ಹಾಕಿ, ಒಂದು ಕುದಿ ಬಂದೊಡನೆ ಇಳಿಸಿ, ಐದು ನಿಮಿಷ ಮುಟ್ಟದೆ ಬಿಟ್ಟರೆ ಗಸಿ ತಳ ಸೇರುತ್ತದೆ. ನುಣ್ಣನೆಯ ಪುಡಿ ಹಾಕಿದರೆ ಹಲ್ಲಿಗೆ ಸಿಗುತ್ತದೆ. ನಮ್ಮ ಫಿಲ್ಟರ್ ಡಿಕಾಕ್ಷನ್ ಸಣ್ಣ ಬಾಟಲಿಯಲ್ಲಿ ಒಯ್ದು ಹಾಲು ಕಾಯಿಸಿ ಬೆರೆಸುವುದು ಇದಕ್ಕಿಂತ ಸುಲಭ, ರುಚಿಯ ಮಾತು ಬೇಡ. ಹಿಮ ಕರಗಿಸಿ ನೀರು ಮಾಡುವುದಾದರೆ ಪಾತ್ರೆಯಲ್ಲಿ ಮೊದಲು ಸ್ವಲ್ಪ ನೀರಿರಬೇಕು. ಬರೀ ಹಿಮ ಹಾಕಿದರೆ ತಳ ಸೀಯುತ್ತದೆ, ನೀರಿಗೆ ಸುಟ್ಟ ವಾಸನೆ ಬರುತ್ತದೆ.

ಆರಿಸುವುದು

ಹೊರಡುವುದಕ್ಕೆ ಅರ್ಧ ಗಂಟೆ ಮೊದಲೇ ಸೌದೆ ಹಾಕುವುದು ನಿಲ್ಲಿಸಿ. ಇದ್ದದ್ದು ಪೂರ್ತಿ ಉರಿದು ಬೂದಿಯಾಗಲಿ. ಅರೆಬೆಂದ ಕೊಳ್ಳಿ ಆರಿಸಲು ಬೂದಿಗಿಂತ ಹೆಚ್ಚು ನೀರು ಬೇಕು. ಕೆಂಡವನ್ನು ಹಿಮಕ್ಕೆ ಎಸೆಯಬೇಡಿ, ಕರಗಿದ ತೂತಿನಲ್ಲಿ ಇಳಿದು ಕೆಳಗಿನ ಪಾಚಿ ಮುಟ್ಟುತ್ತದೆ. ಹಾಳೆ, ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಫಾಯಿಲ್ ಒಲೆಗೆ ಹಾಕದೆ ವಾಪಸು ತನ್ನಿ, ಈ ಉದ್ಯಾನಗಳಲ್ಲಿ ಕಸದ ಬುಟ್ಟಿ ಹುಡುಕಿದರೂ ಸಿಗುವುದು ಕಷ್ಟ. ನೀವೇ ಹೂಡಿದ ಒಲೆಗೆ ಮಡಚುವ ಬಕೆಟ್ಟಿನಲ್ಲಿ 5–10 ಲೀಟರ್ ನೀರು ತಂದು ಅಂಚಿನಿಂದ ನಡುವಿಗೆ ಹುಯ್ಯಿರಿ, ಕಡ್ಡಿಯಿಂದ ಕಲಕಿ, ಮತ್ತೆ ಹುಯ್ಯಿರಿ. ಹಬೆ ನಿಂತ ಮೇಲೆ ಕೈಯ ಹಿಂಬದಿಯನ್ನು ಬೂದಿಗೆ ಹತ್ತಿರ ತಂದು ನೋಡಿ. ಬೆಚ್ಚಗೆ ತಾಗಿದರೆ ಇನ್ನೊಂದು ಬಕೆಟ್.